ರೆಕಾರ್ಡಿನ ಹಿಂಬದಿ

ಪೋರ್ಟ್ ಆಂಟೋನಿಯೊ
14 ಅಕ್ಟೋಬರ್ 1986

ಎವರಾಲ್ಡ್,

ಹೆಸರಿನ ಹಿಂದೆ ಏನಾದರೂ ಅಕ್ಕರೆಯ ಮಾತು ಸೇರಿಸೋಣವೆಂದು ಪೆನ್ನು ಹಿಡಿದು ಕೂತೆ, ಬರಲಿಲ್ಲ. ನಾನು ಅಮ್ಮನ ಮನೆಯಲ್ಲಿ ಚೆನ್ನಾಗಿದ್ದೇನೆ. ನೀನಂತೂ ಚೆನ್ನಾಗಿಯೇ ಇರುತ್ತೀಯ, ಇಡೀ ದ್ವೀಪ ನಿನ್ನ ಹೊಸ ರಿಡಿಮ್‌ಗೆ ಕುಣಿಯುತ್ತಿದೆಯಲ್ಲ.

ನೀನು ಕಟ್ಟುವ ಬರೀ ವಾದ್ಯದ ಒಂದು ರಿಡಿಮ್, ಅದರ ಮೇಲೆ ಆರು ಜನರ ಆರು ಹಾಡು. ಅದು ನಿಮ್ಮ ಕಸುಬಿನ ರೂಢಿ, ಅದಕ್ಕೆ ನನ್ನ ತಕರಾರಿಲ್ಲ. ಒಬ್ಬ ಬಂದೂಕಿನ ಬಗ್ಗೆ ಹಾಡುತ್ತಾನೆ, ಇನ್ನೊಬ್ಬ ಯಾರದೋ ಸೊಂಟದ ಬಗ್ಗೆ. ಮೊನ್ನೆ ಮಾರ್ಕೆಟ್ಟಿನಿಂದ ಬರುವಾಗ ವ್ಯಾನಿನಲ್ಲಿ ಅದರ ಮೂರು ಹಾಡು ಸಾಲಾಗಿ ಬಂದವು. ಮೊದಲು ನನ್ನ ಕಾಲು ತಾಳ ಹಾಕಿತು, ಗುರುತು ಸಿಕ್ಕಿದ್ದು ಆಮೇಲೆ. ಕೆಳದನಿಯ ಆ ಬೇಸ್, ಲೋರ್ನಾಳನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಗುನುಗುತ್ತಿದ್ದ ರಾಗ. ನನ್ನ ಕಾಲಿಗಾದರೂ ನಾಚಿಕೆ ಬೇಡವೇ?

ವ್ಯಾನಿನ ಕಂಡಕ್ಟರ್, "ಯಾಕಕ್ಕಾ ಮುಖ ಗಂಟಿಕ್ಕೊಂಡಿದ್ದೀಯ? ಈ ಹಾಡಿಗೆ ಹೆಣಾನೂ ಎದ್ದು ಕುಣಿಯುತ್ತೆ" ಅಂದ. "ಏಳಿಸು ನೋಡೋಣ" ಅಂದೆ. ಅವನು ಹಲ್ಲು ಕಿರಿದ. ನಾನು ಅರ್ಧ ದಾರಿಯಲ್ಲೇ ಇಳಿದು, ಗೆಣಸಿನ ಚೀಲ ಹೊತ್ತುಕೊಂಡು ನಡೆದೇ ಮನೆ ಸೇರಿದೆ.

ಹೋದ ವರ್ಷ ಮಗು ಜ್ವರದಲ್ಲಿ ತೀರಿಕೊಂಡಾಗ, ಒಂಬತ್ತು ರಾತ್ರಿಯ ಜಾಗರಣೆ ಮುಗಿದ ಬೆಳಿಗ್ಗೆ ನಾನು ನಿನ್ನನ್ನು ಕೇಳಿದ್ದು ಒಂದೇ. ನಾನು ಗುನುಗುವಾಗ ಅವಳು ನಕ್ಕಿದ್ದನ್ನು ನೀನು ಹಿಡಿದಿಟ್ಟಿದ್ದ ಆ ಕ್ಯಾಸೆಟ್. ಅವಳ ದನಿ ಉಳಿದಿದ್ದು ಅದೊಂದರಲ್ಲೇ. "ಅದರ ಮೇಲೆ ಯಾರೋ ಹಾಡು ರೆಕಾರ್ಡ್ ಮಾಡ್ಬಿಟ್ರು ಕಣೇ, ಅಳಿಸಿಹೋಯ್ತು" ಎಂದಿದ್ದೆ ನೀನು. ಆವತ್ತೇ ನಾನು ಗಂಟುಮೂಟೆ ಕಟ್ಟಿದ್ದು. ನಿನಗೆ ಇನ್ನೊಬ್ಬಳಿದ್ದಾಳೆ ಎಂದು ಅಮ್ಮನಿಗೆ ಸುಳ್ಳು ಹೇಳಿದ್ದೇನೆ. ಒಂದು ಕ್ಯಾಸೆಟ್ಟಿಗಾಗಿ ಗಂಡನನ್ನು ಬಿಟ್ಟೆ ಎಂದರೆ ಅವಳಿಗೆ ಅರ್ಥವಾಗುವುದಿಲ್ಲ.

ಹೋಗಲಿ, ರಾಗ ನಿನ್ನ ತಲೆಯಲ್ಲಿ ಉಳಿದಿತ್ತು, ಕೀಬೋರ್ಡಿನಲ್ಲಿ ನುಡಿಸಿದೆ ಎಂದೇ ಇಟ್ಟುಕೊಳ್ಳೋಣ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಬೇಡ ಅನ್ನುತ್ತಾಳೆಂದು ನಿನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಬೇರೆಯವರ ಹಾಡು ಕದ್ದಿದ್ದರೆ ಜಗಳವಾಡಿ ಬಿಡಬಹುದಿತ್ತು. ಇದು ನಮ್ಮ ಮಗಳ ಜೋಗುಳ.

ಇದಕ್ಕೆ ಉತ್ತರ ಬರೆಯಬೇಡ. ನಿನ್ನಿಂದ ನನಗಿನ್ನು ಏನೂ ಬೇಕಾಗಿಲ್ಲ.

ಲೋರ್ನಾಳ ಅಮ್ಮ,
ಮರ್ಲೀನ್

ತಾ.ಕ.: ಇದನ್ನು ನಿನ್ನೆ ಬರೆದು ಮಡಿಸಿಟ್ಟಿದ್ದೆ. ಇವತ್ತು ಪೇಟೆಗೆ ಹೋಗಿ ಆ ರೆಕಾರ್ಡ್ ತಂದೆ. ಹಾಡುಗಾರರ ಮಾತು ಕೇಳಲಾರದೆ ಬರೀ ರಿಡಿಮ್ ಇರುವ ಹಿಂಬದಿ ಹಾಕಿದೆ. ಡ್ರಮ್ ಶುರುವಾಗುವ ಮುಂಚೆ ಲೋರ್ನಾ ನಗುತ್ತಾಳೆ. ನಾಲ್ಕು ಬಡಿತಕ್ಕೊಮ್ಮೆ ಮತ್ತೆ ನಗುತ್ತಾಳೆ. ಆರೂ ಜನರ ದನಿಯ ಕೆಳಗೆ ಅವಳಿದ್ದಾಳೆ. ಹಾಗಾದರೆ ಕ್ಯಾಸೆಟ್ ಅಳಿಸಿಲ್ಲ, ನಿನ್ನ ಹತ್ತಿರವೇ ಇದೆ. ತಂದಾಗಿನಿಂದ ರೆಕಾರ್ಡ್ ನಿಲ್ಲಿಸಿಲ್ಲ ನಾನು. ಸೂಜಿ ಹಾಯ್ದಷ್ಟೂ ಅವಳ ನಗು ಸವೆಯುತ್ತಿದೆ. ಏನೂ ಬೇಡ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಕ್ಯಾಸೆಟ್ ಕಳಿಸು, ನಿನ್ನ ಕಾಲಿಗೆ ಬೀಳುತ್ತೇನೆ.