ಗಾದ್ರಪ್ಪನ ಹೆಸರಿನ ಮನೆ

4-1-1984, ಬುಧವಾರ. 0545 ಗಂಟೆ

ಶೇವಿಂಗ್ ಆಯಿತು. ಚಹಾ ಆಯಿತು. ಎಣ್ಣೆ ಮಿಲ್ಲಿನ ಗೇಟು ಕಾಯಲು ಎಂಟಕ್ಕೆ ಹೋದರೆ ಸಾಕು, ಆದರೂ ಐದಕ್ಕೇ ಎಚ್ಚರ. ಪಟಾಲಂ ಬಿಟ್ಟು ಒಂಬತ್ತು ವರ್ಷವಾಯಿತು, ಬ್ಯೂಗಲ್ ಮಾತ್ರ ತಲೆಯೊಳಗೆ ಊದುತ್ತಲೇ ಇದೆ. ಜಗಳೂರಿನ ಈ ಬಾಡಿಗೆ ಕೋಣೆಯಲ್ಲಿ ಕಾಲು ಚಾಚಿದರೆ ಒಲೆ ತಾಗುತ್ತದೆ. "ಈ ವರ್ಷನಾದ್ರೂ ನಮ್ದೇ ಮನ್ಯಾಗೆ ಒಲೆ ಹಚ್ತೀನೇನ್ರೀ?" — ಹೊನ್ನೂರಮ್ಮ. ಮದುವೆಯಾದಾಗಿನಿಂದ ಇದೇ ಪ್ರಶ್ನೆ. ಇವತ್ತು ಮಿಲ್ಲಿಗೆ ರಜೆ. ದುರ್ಗಕ್ಕೆ ಹೋಗಬೇಕು, ಸೈನಿಕ್ ಬೋರ್ಡಿಗೆ.

ಅದೇ ದಿನ, 1830

ಬೋರ್ಡಿನ ಧರ್ಮಪ್ಪ ಸ್ವತಃ ಹವಾಲ್ದಾರ್ ಆಗಿದ್ದವರು. ಕೂರಿಸಿ ಮಾತಾಡಿದರು. ಮಾಜಿ ಸೈನಿಕರಿಗೆ ಮನೆ ಕಟ್ಟಲು ಲೋನ್, ಬಡ್ಡಿ ಕಡಿಮೆ.

"ಸೈಟು ಯಾರ ಹೆಸರಾಗೈತೆ?"

"ಹನುಮಣ್ಣ ಅಂತ."

"ನಿಮ್ಮ ಡಿಸ್ಚಾರ್ಜ್ ಬುಕ್ಕಿನಾಗೆ ಗಾದ್ರಪ್ಪ ಅಂತ ಐತಲ್ರೀ?"

ಹನುಮಣ್ಣ ನನ್ನ ತಮ್ಮ ಎಂದೆ. ಸುಳ್ಳು. ಹನುಮಣ್ಣ ನಾನೇ. ಗಾದ್ರಪ್ಪ ನನ್ನ ಅಣ್ಣ. ಅರವತ್ತನೇ ಇಸವಿಯಲ್ಲಿ ಭರ್ತಿಗೆ ಹೋದಾಗ ನನಗೆ ಹದಿನಾರು. ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಅಣ್ಣನ ಸರ್ಟಿಫಿಕೇಟು ಒಯ್ದೆ. "ಕುರಿ ಕಾಯಾಕೆ ಸರ್ಟಿಫಿಕೇಟು ಯಾತಕ್ಕೆ, ತಗಂಡೋಗು" ಅಂದಿದ್ದ. ಹೀಗೆ ಹೋದವನು ನಾನೊಬ್ಬನೇ ಅಲ್ಲ. ಅಂದಿನಿಂದ ಸರ್ಕಾರಕ್ಕೆ ನಾನು ಗಾದ್ರಪ್ಪ. ಪೆನ್ಶನ್ ಬರುವುದೂ ಗಾದ್ರಪ್ಪನಿಗೆ.

ಊರಲ್ಲಿ ನಮ್ಮಿಬ್ಬರಿಗೂ ಒಂದೊಂದು ಸೈಟಿದೆ, ನನ್ನದು ಹನುಮಣ್ಣನ ಹೆಸರಲ್ಲಿ. ಸೈಟೂ ಲೋನೂ ಒಂದೇ ಹೆಸರಲ್ಲಿ ಇರಬೇಕಂತೆ. ಸಾಕಾಗಿದೆ.

8-1-1984, ಭಾನುವಾರ

ಊರಿಗೆ ಹೋಗಿದ್ದೆ. ಅಣ್ಣ ಕುರಿ ಉಣ್ಣೆ ಕತ್ತರಿಸುತ್ತಿದ್ದ. ವಿಷಯ ಹೇಳಿದೆ. ಕತ್ತರಿ ಕೆಳಗಿಟ್ಟು ನಕ್ಕ.

"ನಿನ್ ಬುಕ್ಕಿನಾಗೆ ನನ್ ಹೆಸರೈತೆ. ನನ್ ಸೈಟಿಗೂ ನನ್ ಹೆಸರೈತೆ. ಅಲ್ಲೇ ಕಟ್ಟು. ನಾನು ನಿನ್ ಸೈಟ್ನಾಗೆ ಗುಡಿಸ್ಲು ಹಾಕ್ಕಂತೀನಿ."

ಅತ್ತಿಗೆ ದುರುಗಕ್ಕ ಮಜ್ಜಿಗೆ ತಂದುಕೊಟ್ಟಳು. ಇಷ್ಟು ಸಲೀಸು ಎಂದು ಗೊತ್ತಿದ್ದರೆ ಇಷ್ಟು ವರ್ಷ ಬಾಡಿಗೆ ಕಟ್ಟುತ್ತಿರಲಿಲ್ಲ.

19-4-1984

ಲೋನ್ ಸ್ಯಾಂಕ್ಷನ್. ಮೂರು ಕಂತು — ತಳಪಾಯ, ಲಿಂಟಲ್, ಛಾವಣಿ. ಪ್ರತಿ ಕಂತಿಗೂ ಇನ್ಸ್‌ಪೆಕ್ಟರ್ ಬಂದು ನೋಡಬೇಕು. ಗಾದ್ರಪ್ಪ ಎಂದು ಎಂಟು ಕಡೆ ಸಹಿ ಹಾಕಿದೆ. ಹೊನ್ನೂರಮ್ಮ ಪೇಡ ತರಿಸಿದಳು.

2-8-1984

ಗೋಡೆ ಲಿಂಟಲ್ ಮಟ್ಟಕ್ಕೆ ಬಂತು. ನಾನು ಮಿಲ್ಲಿನ ಗೇಟಿನಲ್ಲಿ, ಅಲ್ಲಿ ಅಣ್ಣನೇ ಮೇಸ್ತ್ರಿ. ದಿನಾ ಸಂಜೆ ಬಾವಿಯಿಂದ ಹೊತ್ತು ತಂದು ಗೋಡೆಗೆ ನೀರು ಹಾಕುತ್ತಾನೆ. ಕೆಮ್ಮು ಜೋರಾಗಿದೆ. ಆಸ್ಪತ್ರೆಗೆ ಬಾ ಎಂದರೆ "ಮೊದ್ಲು ಛಾವಣಿ ಬೀಳ್ಲಿ" ಅಂದ.

11-9-1984

ಅಣ್ಣ ಹೋದ. ಐದು ದಿನವಾಯಿತು. ಬರೆಯಲು ಕೈ ಬರಲಿಲ್ಲ.

ಗ್ರಾಮ ಲೆಕ್ಕಿಗ ಊರಿಗೆ ಹೊಸಬ. ಒಳ್ಳೆಯ ಮನುಷ್ಯ. "ಸಾವು ಬರಸ್ಬಿಡ್ರಿ. ಆಮ್ಯಾಲೆ ಆಯಮ್ಮನ ವಿಧವಾ ವೇತನಕ್ಕೆ ಅರ್ಜಿ ಹಾಕಾಕೆ ಬೇಕಾಗ್ತೈತೆ." ತಿಥಿ ಆಗಲಿ, ನೋಡೋಣ ಎಂದೆ.

ಗಾದ್ರಪ್ಪ ಸತ್ತ ಎಂದು ಬರೆಸಿದರೆ ಲೋನ್ ಹೋಯಿತು, ಪೆನ್ಶನ್ ಹೋಯಿತು. ಕೇಸೂ ಆಗಬಹುದು. ಅಣ್ಣನ ಹೆಣದ ಮುಂದೆ ಅಳು ಬರುವ ಮೊದಲೇ ಇದು ಹೊಳೆದಿತ್ತು. ನನ್ನ ಮೇಲೆ ನನಗೇ ಹೇಸಿಗೆ.

24-9-1984, ಸೋಮವಾರ. 1800

ಇನ್ಸ್‌ಪೆಕ್ಟರ್ ಬಂದಿದ್ದ, ಕೊನೆಯ ಕಂತಿಗೆ. ಈ ಸಲ ಹೊಸಬ. ದುರುಗಕ್ಕ ಗೋಡೆಗೆ ನೀರು ಹಾಕುತ್ತಿದ್ದಳು. ಅಣ್ಣ ಬಿಟ್ಟ ಕೆಲಸ. ಈಗ ಬೇಕಿಲ್ಲ ಎಂದರೂ ಕೇಳುವುದಿಲ್ಲ.

"ಗಾದ್ರಪ್ಪ ಯಾರ್ರೀ?"

ಇಪ್ಪತ್ನಾಲ್ಕು ವರ್ಷ ಆ ಹೆಸರು ಕೂಗಿದ ತಕ್ಷಣ ಅಟೆನ್ಶನ್ ಆದವನು ನಾನು. ಇವತ್ತು ಬಗ್ಗಿ ಇಟ್ಟಿಗೆ ಎತ್ತಿಡತೊಡಗಿದೆ. ದುರುಗಕ್ಕ ಕೊಡ ಇಳಿಸಿದಳು. ಬೋಳು ಹಣೆ, ಬೋಳು ಕೈ. ಆ ಕೈಯಿಂದಲೇ ನನ್ನನ್ನು ತೋರಿಸಿದಳು.

"ಇವ್ರೇ ಸ್ವಾಮಿ ಗಾದ್ರಪ್ಪ."

ಇನ್ಸ್‌ಪೆಕ್ಟರ್ ಟಿಕ್ ಹಾಕಿಕೊಂಡು ಹೋದ. ನನಗೆ ಅವಳ ಮುಖ ನೋಡಲಾಗಲಿಲ್ಲ. "ಅತ್ತಿಗೆ, ನಿನ್ ವೇತನ..." ಎಂದೆ.

"ಅದು ಬ್ಯಾಡ ನಂಗೆ. ನಿಮ್ಮಣ್ಣ ನೀರು ಹೊತ್ತ ಗ್ವಾಡೆ. ಮ್ಯಾಲೆ ಛಾವಣಿ ಬೀಳ್ಲಿ."

ಗೋಡೆಯ ಆಚೆ ಹೋದಳು. ಅಳುವುದು ಕೇಳಿಸಿತು. ನಾನು ಈಚೆಯೇ ನಿಂತಿದ್ದೆ.

14-10-1984

ಮೂರನೇ ಚೆಕ್ ಬಂದಿದೆ. ಟ್ರಂಕಿನಲ್ಲಿಟ್ಟೆ. ಬ್ಯಾಂಕಿಗೆ ಹಾಕಿಲ್ಲ.

ಬಸ್ಸಿನಲ್ಲಿ ಬರುವಾಗ ಯಾರದೋ ಹೊಲದಲ್ಲಿ ದುರುಗಕ್ಕ ಕಂಡಳು. ಕೂಲಿಗೆ ಶೇಂಗಾ ಕೀಳುತ್ತಿದ್ದಳು. ಬಸ್ಸು ನೋಡಿ ಸೆರಗು ಮುಖಕ್ಕೆ ಎಳೆದುಕೊಂಡಳು. ಗಂಡ ಸತ್ತಿದ್ದಾನೆ, ಆದರೆ ಕಾಗದದಲ್ಲಿ ಪೆನ್ಶನ್ ತಿನ್ನುತ್ತ ಮನೆ ಕಟ್ಟಿಸುತ್ತಿದ್ದಾನೆ. ಯಾವ ಆಫೀಸಿಗೆ ಹೋದರೂ ಅವಳು ವಿಧವೆಯಲ್ಲ.

ಅಣ್ಣನ ಸಾವು ಬರೆಸುತ್ತೇನೆ, ಮನೆ ಆಗಲಿಕ್ಕಿಲ್ಲ ಎಂದು ಹೊನ್ನೂರಮ್ಮನಿಗೆ ಹೇಳಿದೆ. ಅಕ್ಕಿಯಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದಳು. ಆಮೇಲೆ — "ನಂಗೆ ಈ ಒಲೆ ರೂಢಿ ಆಗೈತೆ ಬಿಡ್ರಿ." ಮೊರದ ಮೇಲೆ ಕಣ್ಣೀರು ಬಿತ್ತು.

15-10-1984, ಸೋಮವಾರ. 0600

ಶೇವಿಂಗ್. ಚಹಾ. ಹತ್ತಕ್ಕೆ ಗ್ರಾಮ ಲೆಕ್ಕಿಗನ ಹತ್ತಿರ. ಅಣ್ಣನ ಸಾವು ಬರೆಸಬೇಕು. ಅಲ್ಲಿಂದ ದುರ್ಗ. ಚೆಕ್ ವಾಪಸ್ ಕೊಟ್ಟು ಧರ್ಮಪ್ಪನವರಿಗೆ ಎಲ್ಲ ಹೇಳಬೇಕು. ಮುಂದೆ ಏನಾಗುತ್ತದೋ. ಹೆದರಿಕೆ ಇದೆ. ಎಷ್ಟೋ ದಿನದ ಮೇಲೆ ಉಸಿರೂ ಸಲೀಸಾಗಿದೆ.

ಸಾವು ತಿಳಿಸಿದವರ ಸಹಿ ಬೇಕಂತೆ. ಸಹಿ ಹಾಕಲು ಕಲಿತದ್ದೇ ಪಟಾಲಮಿನಲ್ಲಿ, ಅಣ್ಣನ ಹೆಸರಲ್ಲಿ. ನನ್ನ ಹೆಸರು ಕೈಗೆ ರೂಢಿಯೇ ಇಲ್ಲ. ಅಲ್ಲಿ ಹೋಗಿ ತಡವರಿಸುವುದು ಬೇಡ, ಇಲ್ಲೇ ಒಮ್ಮೆ ಬರೆದು ನೋಡುತ್ತೇನೆ.

ಗಾದ್ರ — ಅಲ್ಲ.

ಹನುಮ