ಆಟದೊಳಗೆ ಬೋರಣ್ಣನ ಕೂಗು

ಬೆಟ್ಟದಪುರ
ಭಾನುವಾರ, ೧೬-೧೧-೨೦೨೫

ಪ್ರೀತಿಯ ತಮ್ಮ ದೇವರಾಜುಗೆ,

ಜ್ವರ ಬಿಟ್ಟಿತಾ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಮೈಸೂರು ಸೇರಿ ಫೋನ್ ಆಫ್ ಮಾಡಿಕೊಂಡು ಕೂತರೆ ನನಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಹಾಲಿನ ವ್ಯಾನಿನ ಚಂದು ಕೈಲಿ ಇದನ್ನು ಕಳಿಸುತ್ತಿದ್ದೇನೆ. ಆರನೇ ಕ್ಲಾಸಿಗೇ ಬಿಟ್ಟವಳ ಬರಹ, ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನಿನ್ನ ಕಂಪನಿ ಸುಟ್ಟುಹೋಯಿತು ಕಣೋ. ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಒಳಗೆ ಮೇಜು ಹಾಕಿ, ಪಂಪ್‌ಸೆಟ್ ಮನೆಯಿಂದ ಕರೆಂಟು ಎಳೆದು ನೀನೂ ನಿನ್ನ ಗೆಳೆಯ ರಘುವೂ ಶುರುಮಾಡಿದಾಗ, "ಸೊಪ್ಪು ಬುಟ್ಟು ಟೀವಿ ಬೇಯಿಸ್ತಾವ್ರೆ" ಅಂತ ಊರೇ ನಕ್ಕಿತ್ತು. ನಮ್ಮ ಸೀಮೆಯ ಮೊದಲ ವಿಡಿಯೋ ಗೇಮ್ ಕಂಪನಿ ಅಂತ ಪೇಪರಿನಲ್ಲಿ ಫೋಟೋ ಬಂದ ಮೇಲೆ ನಕ್ಕವರೇ ಬಂದು ಟೀ ಕುಡಿದು ಹೋದರು. ಶುಕ್ರವಾರ ಮಧ್ಯಾಹ್ನ ಬೋರಣ್ಣನ ಮಗ ನಂಜಣ್ಣ ಮಚ್ಚು ಹಿಡಿದು ನುಗ್ಗಿ ಕಂಪ್ಯೂಟರುಗಳನ್ನೆಲ್ಲ ಕೊಚ್ಚಿದ. ತಡೆಯಲು ಹೋದ ರಘುವಿನ ಬಲಗೈಗೂ ಬಿತ್ತು. ನೆಲಕ್ಕೆ ಬಿದ್ದ ಎರಡು ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಾನೇ ಆಸ್ಪತ್ರೆಗೆ ಓಡಿದೆ. ಕೂಡಿಸಲು ಆಗಲಿಲ್ಲ. ವಾಪಸ್ ಬರುವಷ್ಟರಲ್ಲಿ ಅವನು ಹಚ್ಚಿದ ಬೆಂಕಿಗೆ ಬ್ಯಾರನ್ ಉರಿಯುತ್ತಿತ್ತು.

ನಂಜಣ್ಣನ ಅಪ್ಪ ಬೋರಣ್ಣ ಹೊಲದ ಅಟ್ಟಣೆ ಮೇಲೆ ನಿಂತು, ಆನೆ ಓಡಿಸುವ ಕೂಗನ್ನು ನಗುನಗುತ್ತಾ ನಿನ್ನ ಫೋನಿಗೆ ಕೂಗಿಕೊಟ್ಟವನು. "ನನ್ ದನಿಗೆ ನಿನ್ ಆಟದ್ ಆನೇನೂ ಓಡೋಯ್ತದೆ ಕಣ್ಲಾ" ಅಂದಿದ್ದ. ನೀನು ಆನೆಯನ್ನೇ ಆಡುವವರ ಕೈಗೆ ಕೊಟ್ಟೆ, ಆ ದನಿಯಲ್ಲಿ ಕೂಗುವ ಕಾವಲಿನವನನ್ನು ತುಳಿದರೆ ಗೆಲುವು ಅಂತ ಮಾಡಿದೆ. ಆಮೇಲೆ ವೀರನಹೊಸಹಳ್ಳಿ ಹತ್ತಿರ ನಿಜವಾದ ಆನೆಯೇ ಬೋರಣ್ಣನನ್ನು ತುಳಿದು ಕೊಂದಿತು. ಆಗಲಾದರೂ ಆ ದನಿ ತೆಗೆಯಬಾರದಿತ್ತಾ? ಕಂಪಲಾಪುರದ ಟೀ ಅಂಗಡಿಯಲ್ಲಿ ಯಾರೋ ಮೊಬೈಲಿನಲ್ಲಿ ಆಡುತ್ತಿದ್ದರಂತೆ. ಅಪ್ಪ ಕೂಗುವುದು, ಆನೆ ತುಳಿಯುವುದು, ಆಡುವವರು ನಗುವುದು, ಮತ್ತೆ ಅಪ್ಪ ಎದ್ದು ಕೂಗುವುದು. ನಂಜಣ್ಣ ಅಲ್ಲೇ ನಿಂತು ಕೇಳಿಸಿಕೊಂಡನಂತೆ.

ಅವನಿನ್ನೂ ಪೊಲೀಸರಿಗೆ ಸಿಕ್ಕಿಲ್ಲ. "ದೇವರಾಜು ಸಿಕ್ಕಿದ್ ಜಾಗ್ದಲ್ಲೇ ಕಡೀತೀನಿ" ಅಂತ ಹೇಳಿಕಳಿಸಿದ್ದಾನೆ. ಆಟವನ್ನು ಎಲ್ಲ ಕಡೆಯಿಂದ ತೆಗೆದುಬಿಡು. ಆಮೇಲೆ ಆ ಕೂಗು ಉಳಿಯುವುದು ನಿನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ, ಅದನ್ನೂ ಇವತ್ತೇ ಅಳಿಸಿಹಾಕು. ಬಾಗಿಲಿಗೆ ಚಿಲಕ ಹಾಕಿಕೋ. ಬಿಸಿನೀರು ಕುಡಿ.

ಬೆಟ್ಟದ ಮಲ್ಲಯ್ಯ ನಿನ್ನ ತಲೆ ಕಾಯಲಿ.

ನಿನ್ನ ಅಕ್ಕ,
ಭಾಗ್ಯಮ್ಮ

ಬರೆದು ಮುಗಿಸಿದ ಮೇಲೆ: ಚಂದು ಹಾರನ್ ಹೊಡೆಯುತ್ತಿದ್ದಾನೆ. ಈಗಷ್ಟೇ ನಂಜಣ್ಣನ ತಾಯಿ ಮರಮ್ಮ ಬಂದಿದ್ದಳು. "ನಮ್ಮನೆಯವರ್ ದನಿ ಇನ್ನೆಲ್ಲೂ ಇಲ್ಲ ಕಣವ್ವಾ. ಕೂಗು ಮಾತ್ರ ಕೊಡ್ಸು, ತುಳ್ಯೋದು ಬ್ಯಾಡ" ಅಂದಳು. ಅಳಿಸಬೇಡ ಕಣೋ. ಕೂಗನ್ನಷ್ಟೇ ಬಿಡಿಸಿ ಚಂದು ಕೈಲಿ ಕಳಿಸು. ನೀನು ಮಾತ್ರ ಬರಬೇಡ. ಮಗ ಇನ್ನೂ ಮಚ್ಚು ಮಸೆಯುತ್ತಿದ್ದಾನೆ ಅಂತ ಅವಳೇ ಹೇಳಿ ಹೋದಳು.