ಐದನೆಯ ಕೊಳವೆಯ ಬಾಗಿನಲ್ಲಿ

ಹಿರಿಯೂರು, ಹೆದ್ದಾರಿ ಪಕ್ಕದ ಹಳೆಯ ಶೆಡ್ಡು
ಎರಡು ಸಾವಿರದ ಇನ್ನೂರ ಹದಿನೇಳು, ಹೊಂಗೆ ಹೂವಿನ ತಿಂಗಳ ಮೂವತ್ತೆಂಟನೆಯ ದಿನ

ಅವ್ವ ಕಾಸಿಂಬಿಯವರಿಗೆ, ನಿಮ್ಮ ಆರನೆಯ ತಲೆಯ ಮೊಮ್ಮಗಳು ಮೌಲಾಬಿ ಮಾಡುವ ಸಲಾಮು.

ತಾರೀಖು ನೋಡಿ ಇದನ್ನು ಬುದ್ಧಿ ತಪ್ಪಿದವಳು ಬರೆದದ್ದು ಅಂದುಕೊಳ್ಳಬೇಡಿ. ನಮ್ಮಲ್ಲಿ ತಿಂಗಳುಗಳನ್ನು ಮರ ನೋಡಿ ಎಣಿಸುತ್ತೇವೆ. ಹೊಂಗೆ ಎಷ್ಟು ದಿನ ಹೂ ಬಿಡುತ್ತದೋ ಅಷ್ಟೂ ದಿನ ಒಂದೇ ತಿಂಗಳು. ನನ್ನ ಕೆಲವು ಮಾತುಗಳು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ನಿಮಗೆ ಅಡ್ಡ ಬರಬಹುದು, ಮನ್ನಿಸಿ. ನಾನು ಶಾಲೆಯಲ್ಲಿ ಕಲಿತವಳಲ್ಲ. ಯಂತ್ರಗಳನ್ನು ಬಿಚ್ಚಿ ನೋಡಿ ಕಲಿತವಳು, ಬಿಚ್ಚಿದ್ದನ್ನು ಮತ್ತೆ ಕೂಡಿಸಲಾಗದೆ ಬೈಸಿಕೊಂಡು ಕಲಿತವಳು.

ಈ ಕಾಗದ ಹಿನ್ನಡೆ ಅಂಚೆಯಲ್ಲಿ ಬರುತ್ತಿದೆ. ಕಳೆದುಹೋದ ದಿನಗಳಿಗೆ ಕಾಗದ ಒಯ್ಯುವ ಏರ್ಪಾಡು ಅದು. ಒಂದು ಜೀವಕ್ಕೆ ಒಂದೇ ಕಾಗದ, ತಲುಪಿತೋ ಇಲ್ಲವೋ ತಿಳಿಯುವುದಿಲ್ಲ. ಹೆಚ್ಚಿನವರು ತೀರಿಹೋದ ಗಂಡನಿಗೋ ಹೆಂಡತಿಗೋ ಬರೆಯುತ್ತಾರೆ. ನಾನು ನಿಮಗೆ ಬರೆಯಲು ಕೂತದ್ದು ನೋಡಿ ಮೊಮ್ಮಗಳು ಮುನೀರಾ, "ಏನಜ್ಜೀ, ತಾತನ್ನ ಬಿಟ್ಟು ಸೈಲೆನ್ಸರಿಗೆ ಪ್ರೇಮಪತ್ರ ಬರೀತೀಯಾ" ಎಂದು ಅಣಕಿಸಿದಳು. ನಕ್ಕುಬಿಟ್ಟೆ.

ನಿಮ್ಮ ಕಥೆ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಪಿಂಜಾರರ ಕೊನೆಯ ಬಿಲ್ಲು ನಿಮ್ಮದು. ಶೆಡ್ಡಿನ ಒಂದು ಮಗ್ಗುಲಲ್ಲಿ ನೀವು ಅದರ ಹುರಿ ಮಿಡಿದು ಹತ್ತಿ ಎಕ್ಕಿ ಗಾದಿ ಹೊಲಿಯುತ್ತಿದ್ದಿರಿ, ಇನ್ನೊಂದು ಮಗ್ಗುಲಲ್ಲಿ ನಿಮ್ಮ ತಮ್ಮ ದಸ್ತಗೀರಪ್ಪ ಲಾರಿ ರಿಪೇರಿ ಮಾಡುತ್ತಿದ್ದರು. ಲಾರಿಗಳ ಹೊಗೆಕೊಳವೆಯಲ್ಲಿ ಜೇನುಹುಟ್ಟಿನಂಥ ಫಿಲ್ಟರ್ ಇರುತ್ತಿತ್ತಂತೆ. ಮಸಿ ಕಟ್ಟಿಕೊಂಡು ಎಂಜಿನ್ನಿನ ಉಸಿರು ಕಟ್ಟಿದಾಗ ಡ್ರೈವರುಗಳು ಬಂದು ಗೋಳಾಡುತ್ತಿದ್ದರು. ದಸ್ತಗೀರಪ್ಪ ಹಾರೆಯಿಂದ ಆ ಹುಟ್ಟನ್ನು ಕುಟ್ಟಿ ಉದುರಿಸಿ, ಬರಿಯ ಡಬ್ಬವನ್ನು ಮತ್ತೆ ವೆಲ್ಡ್ ಮಾಡಿ ಕೂರಿಸುತ್ತಿದ್ದರು. ಹೊರಗಿನಿಂದ ನೋಡಿದರೆ ಎಲ್ಲವೂ ಸರಿ. ಆದರೆ ಹಾಗೆ ಬಿಡುಗಡೆಯಾದ ಹೊಗೆಯೆಲ್ಲ ನಿಮ್ಮ ಹತ್ತಿಯ ಮೇಲೆ ಬಂದು ಕೂರುತ್ತಿತ್ತು. ಮದುವೆಗೆಂದು ಹೊಲಿದ ಗಾದಿ ಬೂದಿ ಬಣ್ಣಕ್ಕೆ ತಿರುಗಿ, ಬೀಗರು ಅದನ್ನು ವಾಪಸ್ಸು ತಂದು ಅಂಗಳದಲ್ಲಿ ಒಗೆದು ಹೋದರಲ್ಲ, ಆ ದಿನದ ಜಗಳ ನನಗೆ ಬಾಯಿಪಾಠ.

"ಅಕ್ಕಾ, ಮೂಗು ಮುಚ್ಚಿಕೊಂಡು ಯಾರಾದ್ರೂ ಗುಡ್ಡ ಹತ್ತಕ್ಕಾಯ್ತದಾ?" ಎಂದರಂತೆ ದಸ್ತಗೀರಪ್ಪ.

"ಮುಚ್ಚು ಅಂತ ಯಾವಳು ಹೇಳಿದ್ಲು? ನಾನು ಹತ್ತೀನ ಹಿಡಿದು ನಿಲ್ಲಿಸಿ ಕಸ ತೆಗೀತೀನೇನೋ? ಹಾರಿಸಿ ತೆಗೀತೀನಿ. ಬಿಲ್ಲು ಮಿಡಿದ್ರೆ ಹತ್ತಿ ಹತ್ತಿಯ ದಾರಿ ಹಿಡಿತೈತೆ, ಕಸ ಕಸದ ದಾರಿ ಹಿಡಿತೈತೆ" ಎಂದಿರಂತೆ ನೀವು.

ಅವ್ವ, ಸೋಸುವುದೆಂದರೆ ತಡೆಯುವುದೇ ಎಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ ನೀವು ಗಾದಿಯ ಮೇಲೆ ಕೂತು ಅದನ್ನು ಅಲ್ಲಗಳೆದಿರಿ.

ಆ ಮಾತು ದಸ್ತಗೀರಪ್ಪನವರಿಗೆ ನಾಟಿತು. ಖಾಲಿ ಡಬ್ಬದೊಳಗೆ ಬಿಲ್ಲಿನ ಹುರಿಯನ್ನೇ ಬಿಗಿದರು, ಮೊದಲ ಮೈಲಿಯಲ್ಲೇ ಅದು ಸುಟ್ಟು ಹೋಯಿತು. ಕ್ಲಚ್ ವೈರಿನ ಎಳೆ ಬಿಡಿಸಿ ಬಿಗಿದರು, ತುಂಡಾಯಿತು. ಹೀಗೆ ನಾಲ್ಕು ಕೆಟ್ಟವು. ಐದನೆಯದನ್ನು ಕಟ್ಟಿಕೊಂಡು ಲಾರಿ ದುರ್ಗದ ಕಡೆಯ ಏರು ಹತ್ತಿ ಬಂದಾಗ ಡ್ರೈವರು, "ಗಾಡಿ ಹಾಡ್ತೈತೆ ಕಣಕ್ಕ, ಎಳೆಯೋದು ಮಾತ್ರ ಬರೀ ಡಬ್ಬ ಇದ್ದಂಗೇ ಎಳಿತೈತೆ" ಎಂದ. ನೀವಿಬ್ಬರೂ ಓಡಿಹೋಗಿ ಡಬ್ಬದ ಕೆಳಗೆ ಕೂರಿಸಿದ್ದ ಮಸಿತಟ್ಟೆ ಎಳೆದು ನೋಡಿದಿರಿ. ತಟ್ಟೆ ತೊಳೆದಿಟ್ಟಂತಿತ್ತು. ಮಸಿಯೆಲ್ಲ ಹೊರಗೇ ಹೋಯಿತು ಎಂದುಕೊಂಡಿರಿ. ಕೊಳವೆಯ ಬಾಯಿ ಹಿಂದಿನ ನಾಲ್ಕು ಸಲದ ಹೊಗೆಯಿಂದ ಮೊದಲೇ ಕಪ್ಪಾಗಿತ್ತು, ಅದೂ ಸಾಕ್ಷಿ ಹೇಳಲಿಲ್ಲ. ಅದು ಗುರುವಾರ. ಶುಕ್ರವಾರ ದಸ್ತಗೀರಪ್ಪ ಇನ್ನು ಕೆಲಸಕ್ಕೆ ಬಾರದೆಂದು ಆ ಕೊಳವೆಯನ್ನು ಶೆಡ್ಡಿನ ಗೋಡೆಯ ಬಿರುಕಿಗೆ ಸೇರಿಸಿ ಗಾರೆ ಮೆತ್ತಿದರು, ಹಸಿ ಗಾರೆಯ ಮೇಲೆ ಮೊಳೆಯಿಂದ ತಾರೀಖು ಗೀರಿದರು. ನೀವು ಬಿಲ್ಲನ್ನು ಒಲೆಗೆ ಹಾಕಿದಿರಿ. ಆ ಚಳಿಗಾಲದಲ್ಲೇ ನಿಮ್ಮ ಕೆಮ್ಮು ಶುರುವಾಯಿತಂತೆ.

ಅರವತ್ತು ವರ್ಷಗಳ ಮೇಲೆ ಯಾವುದೋ ದೂರದ ನಾಡಿನವರು ಇದೇ ದಾರಿ ಕಂಡುಕೊಂಡರು. ಈಗ ನಮ್ಮ ಹೊರೆಗಾಡಿಗಳು, ಎಂದರೆ ಹೊಂಗೆ ಎಣ್ಣೆ ಉರಿಸಿ ಭಾರ ಒಯ್ಯುವ ಉದ್ದನೆಯ ಗಾಡಿಗಳು, ಎಲ್ಲವೂ ಹಾಡುಕೊಳವೆ ಕಟ್ಟಿಕೊಂಡೇ ಓಡುತ್ತವೆ. ಎಂಜಿನ್ನಿನ ಬಡಿತವೇ ಒಳಗಿನ ತಂತಿಗಳನ್ನು ಮಿಡಿಯುತ್ತದೆ. ಹೊಗೆ ತಡೆಯಿಲ್ಲದೆ ಹಾದುಹೋಗುತ್ತದೆ, ಮಸಿ ಒಂದಕ್ಕೊಂದು ಅಂಟಿ ಉಂಡೆಗಟ್ಟಿ ಬದಿಗೆ ಸರಿಯುತ್ತದೆ. ದನಿ ಕೇಳಿಯೇ ಮುನೀರಾ ಯಾವ ಗಾಡಿ, ತುಂಬಿದ್ದೋ ಖಾಲಿಯೋ ಎಂದು ಹೇಳುತ್ತಾಳೆ. ಹೆದ್ದಾರಿಯ ಪಕ್ಕದಲ್ಲಿ ಹಗ್ಗ ಕಟ್ಟಿ ಬಿಳಿ ಪಂಚೆ ಒಣಗಿಸುತ್ತೇವೆ. ಮಾಳಿಗೆಯ ಮೇಲೆ ನಿಂತರೆ ಮಾರಿಕಣಿವೆಯ ಬೆಟ್ಟದ ಬಂಡೆಗಳನ್ನು ಒಂದೊಂದಾಗಿ ಎಣಿಸಬಹುದು. ಕೊಳವೆಯಲ್ಲಿ ಕೂಡಿದ ಮಸಿಯನ್ನು ಡ್ರೈವರುಗಳು ಶಾಲೆಗೆ ಕೊಡುತ್ತಾರೆ, ಗೋಂದು ಬೆರೆಸಿ ಮಕ್ಕಳು ಅದರಿಂದಲೇ ಅಕ್ಷರ ತಿದ್ದುತ್ತವೆ. ನಾನು ದಿನವೂ ನೋಡುವುದೇ ಇದು. ಆದರೂ ಒಮ್ಮೊಮ್ಮೆ ಬೆಳಗಿನ ಗಾಳಿ ಮೂಗಿಗೆ ತಾಗಿದರೆ, ಯಾರೋ ತೊಳೆದು ಮಡಿಸಿ ಕೈಗಿಟ್ಟಂತಾಗಿ ನಿಂತುಬಿಡುತ್ತೇನೆ.

ಹೋದ ತಿಂಗಳು ಶೆಡ್ಡಿನ ಗೋಡೆ ಕುಸಿಯಿತು. ಗಾರೆಯ ತಾರೀಖು, ಅದರ ಹಿಂದೆ ನಿಮ್ಮ ಐದನೆಯ ಕೊಳವೆ. ತುಕ್ಕು ಹಿಡಿಯದ ಉಕ್ಕು, ಉಳಿದುಕೊಂಡಿತ್ತು. ಬಿಚ್ಚದೆ ಇರಲು ನನ್ನಿಂದಾಗುತ್ತದೆಯೇ? ಮಸಿತಟ್ಟೆ ನೀವು ಕಂಡಂತೆಯೇ ಬರಿದು. ಆದರೆ ಕೊಳವೆ ಮೇಲೇರಿ ಹಿಂದಕ್ಕೆ ಬಾಗುವ ಕಡೆ, ಬಾಗಿನ ನೆತ್ತಿಯಲ್ಲಿ, ಬೆರಳು ದಪ್ಪ ಮಸಿ ಕಟ್ಟಿತ್ತು ಅವ್ವ. ಕಾಡಿಗೆಯಂತೆ ನುಣ್ಣಗೆ, ಹೊಳೆಯುತ್ತ.

ಐದನೆಯದು ಗೆದ್ದಿತ್ತು. ಹತ್ತಿಯ ಕಸ ಕೆಳಗೆ ಬೀಳುತ್ತದೆ, ಅದಕ್ಕೇ ನೀವು ಕೆಳಗೆ ನೋಡಿದಿರಿ. ಮಸಿ ಕೆಳಗೆ ಬೀಳಲಿಲ್ಲ. ಬಸ್ಸು ತಿರುವಿನಲ್ಲಿ ಹೊರಳಿದಾಗ ಕೂತವರು ಹೊರಮಗ್ಗುಲಿಗೆ ಒತ್ತಿಕೊಳ್ಳುವುದಿಲ್ಲವೇ, ಹಾಗೆ ಅದು ಬಾಗಿನ ಹೊರಮಗ್ಗುಲಿಗೆ, ಮೇಲಕ್ಕೆ, ಹೋಗಿ ಕೂತಿತ್ತು. ಒಂದು ಗೇಣು ಮೇಲೆ ನೋಡಿದ್ದರೆ ಸಾಕಿತ್ತು. ಆ ಮಸಿಯನ್ನು ಅಂಗೈಯಲ್ಲಿಟ್ಟುಕೊಂಡು, ನಿಮ್ಮ ಒಂದು ಮಧ್ಯಾಹ್ನವೇ ನನ್ನ ಕೈಯಲ್ಲಿದೆ ಅನ್ನಿಸಿ, ಹೊತ್ತು ಹೋದದ್ದು ತಿಳಿಯಲಿಲ್ಲ.

ಈ ಕಾಗದ ಗಾರೆಯ ತಾರೀಖಿನ ಹಿಂದಿನ ದಿನ, ಆ ಗುರುವಾರ ಸಂಜೆಯೇ, ನಿಮ್ಮ ಕೈ ಸೇರಬೇಕೆಂದು ಅಂಚೆಯವರಿಗೆ ಹೇಳಿದ್ದೇನೆ. ಕೇಳುವುದು ಇಷ್ಟೇ. ಗಾರೆ ಕಲಸುವ ಮೊದಲು ತಮ್ಮನಿಗೆ ಹೇಳಿ ಆ ಬಾಗಿನ ನೆತ್ತಿಯನ್ನು ಕೊಯ್ಯಿಸಿ. ಅಲ್ಲಿಯವರೆಗೆ ಬಿಲ್ಲನ್ನು ಒಲೆಗೆ ಹಾಕಬೇಡಿ. ನೀವು ಹಾಗೆ ಮಾಡಿದರೆ ನನ್ನ ಗೋಡೆಯಲ್ಲಿ ಏನೂ ಸಿಗದು, ಈ ಕಾಗದವನ್ನು ಬರೆಯುವ ಕಾರಣವೂ ಉಳಿಯದು. ಉಳಿಯದಿದ್ದರೆ ಬೇಡ. ನನ್ನ ಪಾಲಿನ ಒಂದು ಕಾಗದ ಮಿಕ್ಕುತ್ತದೆ, ಮುನೀರಾಳ ತಾತನಿಗೆ ಬರೆಯುತ್ತೇನೆ. ಅವರಿಗೆ ಹೇಳುವುದು ಬಹಳ ಉಳಿದಿದೆ.

ಮುದುಕಿಯ ಮಾತು ನಂಬಬೇಕಾಗಿಲ್ಲ. ಬಾಗಿನೊಳಗೆ ಒಂದು ಸಲ ಬೆರಳಾಡಿಸಿ. ಬೆರಳಿಗೆ ಹತ್ತಿದ ಕಪ್ಪನ್ನು ಈ ಅಕ್ಷರಗಳ ಪಕ್ಕದಲ್ಲಿಟ್ಟು ನೋಡಿ. ಬಾಗಿನಲ್ಲಿ ಸಿಕ್ಕ ಆ ಮಸಿಗೇ ಗೋಂದು ಬೆರೆಸಿ ಇದನ್ನು ಬರೆದಿದ್ದೇನೆ.

ನಿಮ್ಮ
ಮೌಲಾಬಿ